ಧಾತು ಈಶ್ವರ ಬರ: ಮಳೆ ಕೈಕೊಟ್ಟಿದ್ದು ಸರಿ, ಜನ ಸತ್ತಿದ್ದು ಯಾಕೆ?

ನೀವು ಕೇಳಿದ್ದು, 1876-78ರ ಬರಕ್ಕೆ ಮಳೆ ಹೋಗಿದ್ದೊಂದೇ ಕಾರಣವಾ, ಆಮೇಲೆ ಮೈಸೂರು ಸೀಮೆ ಏನಾಯಿತು ಅಂತ.

ನಮ್ಮಜ್ಜಿ ಕೋಲಾರದ ಕಡೆಯವರು. 'ಧಾತು ಈಶ್ವರ' ಅನ್ನೋದನ್ನ ಒಂದೇ ಮಾತಿನ ಹಾಗೆ ಹೇಳುತ್ತಿದ್ದರು. ಅವು ಈ ಬರ ಬಿದ್ದ ಎರಡು ಸಂವತ್ಸರದ ಹೆಸರು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮೊದಲ ಪೆಟ್ಟು ಮಳೆಯದ್ದೇ. 1875ರಲ್ಲೇ ಬೆಳೆ ಅಷ್ಟಕ್ಕಷ್ಟೆ, 1876ರಲ್ಲಿ ಪೂರ್ತಿ ಹೋಯಿತು. ರಾಗಿ ವರ್ಷಗಟ್ಟಲೆ ಕೆಡದ ಧಾನ್ಯ, ಹಗೇವಿನಲ್ಲಿ (ನೆಲದೊಳಗೆ ಧಾನ್ಯ ಕೂಡಿಡುವ ಗುಂಡಿ) ತುಂಬಿಟ್ಟರೆ ಒಂದು ಕೆಟ್ಟ ವರ್ಷ ದಾಟಬಹುದು. ಎರಡನೇ ವರ್ಷಕ್ಕೆ ಹಗೇವೂ ಬರಿದಾಗುತ್ತದೆ, ಅಲ್ವಾ? ಬೆಳೆ ಇಲ್ಲ ಅಂದರೆ ಕೂಲಿಯೂ ಇಲ್ಲ. ಅದೇ ಹೊತ್ತಿಗೆ ಕಾಳಿನ ಬೆಲೆ ಏರಿತು. ಮದ್ರಾಸಿನಿಂದ ರೈಲಿನಲ್ಲಿ ಧಾನ್ಯ ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದರೆ ಗಾಡಿ ಎಳೆಯೋರು ಯಾರು?

ಆಗ ಮೈಸೂರು ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ (ಬಳ್ಳಾರಿಯೂ ಅದರೊಳಗೇ ಇತ್ತು) ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರದ ಕೂಲಿಯನ್ನೇ ಕಡಿತ ಮಾಡಿಸಿದ. ದಿನಕ್ಕೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದಾಣೆ ಆಸುಪಾಸು. ಅದರ ಮೇಲೆ ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು. ಸಾಲದು ಅಂತ ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳ ತೆಗೆದ ಮೇಲೆ, 1877ರ ಮೇ ಹೊತ್ತಿಗೆ ಕೂಲಿ ಏರಿಸಿದರು. ಆ ವರ್ಷಗಳಲ್ಲೂ ಇಂಡಿಯಾದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ನನಗೆ ಮಳೆಗಿಂತ ಇದೇ ಜಾಸ್ತಿ ಸಿಟ್ಟು ತರಿಸುವುದು.

ಪರಿಣಾಮ? ಮೈಸೂರಿನ ಜನಗಣತಿ ನೋಡಿ. 1871ರಲ್ಲಿ 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ಇದರಲ್ಲಿ ಸತ್ತವರೂ ಇದ್ದಾರೆ, ಊರು ಬಿಟ್ಟವರೂ ಇದ್ದಾರೆ, ಹುಟ್ಟದೇ ಹೋದ ಮಕ್ಕಳ ಲೆಕ್ಕವೂ ಇದೆ. ಮಲೆನಾಡು ಅಷ್ಟಿಷ್ಟು ಬಚಾವಾಯಿತು, ಪೆಟ್ಟೆಲ್ಲ ಬಯಲುಸೀಮೆಗೆ.

ಖಜಾನೆಯೂ ಬರಿದಾಗಿತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂದಾಗ ಜೊತೆಗೆ 80 ಲಕ್ಷ ರೂಪಾಯಿ ಸಾಲವೂ ಬಂತು. 1880ರ ಬರದ ಆಯೋಗದಿಂದ ಬರ ನಿರ್ವಹಣೆಯ ನಿಯಮಾವಳಿ ಹುಟ್ಟಿತು. ಇನ್ನೊಂದು, ನೀವು ಬೆಂಗಳೂರಿಂದ ಮೈಸೂರಿಗೆ ರೈಲಿನಲ್ಲಿ ಹೋಗಿದ್ದರೆ ನೆನಪಿಟ್ಟುಕೊಳ್ಳಿ: ಆ ದಾರಿಗೆ ಮೊದಲು ಮಣ್ಣು ಹೊತ್ತವರು ಈ ಬರದ ಕೂಲಿಗಳು.