ನಾಲ್ಕು ನಿಮಿಷ ಕಡಿಮೆ ಬಂತು ಅಂತ ಡಿಸ್ಕ್ ವಾಪಸ್ ಮಾಡಬೇಡಿ

ಸರ್, 'ಗ್ರೀನ್ ಫಾರ್ ಡೇಂಜರ್' (1946) 91 ನಿಮಿಷದ ನಗೆ ಪತ್ತೇದಾರಿ ಚಿತ್ರ, ಬ್ರಿಟನ್ನಿನಿಂದ ತರಿಸಿದ ಡಿವಿಡಿ 87ಕ್ಕೇ ಮುಗೀತು, ಕತ್ತರಿ ಬಿದ್ದಿದೆ, ವಾಪಸ್ ಕಳಿಸ್ತೀನಿ ಅಂದಿದ್ದೀರಿ. ತಡೀರಿ. ಅದು ಪಾಲ್ ಡಿಸ್ಕ್, ಅಂದ್ರೆ ಬ್ರಿಟನ್ನಿನ ಟಿವಿ ಪದ್ಧತಿಯದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನ 25ರಲ್ಲಿ ಓಡಿಸಿರ್ತಾರೆ. 91ನ್ನ 0.96ರಿಂದ ಗುಣಿಸಿ ನೋಡಿ, 87 ನಿಮಿಷ 22 ಸೆಕೆಂಡ್. ಪ್ರತಿ ಸಲ ಯಾರಾದರೊಬ್ಬರು ಇದೇ ಲೆಕ್ಕ ತಪ್ಪಿ ಒಳ್ಳೆ ಡಿಸ್ಕ್ ಕಳ್ಕೊಳ್ತಾರೆ!

ಆದರೂ ಬರೀ ಒಟ್ಟು ಅವಧಿ ನಂಬಬೇಡಿ. ಕ್ರೈಟೀರಿಯನ್ ಕಂಪನಿಯ ಅಮೆರಿಕದ ಡಿವಿಡಿ ಯಾರ ಹತ್ತಿರವಾದ್ರೂ ಇದ್ದರೆ (ದುಬಾರಿ, ಆದ್ರೆ ಅದು ಪಾಲ್ ಅಲ್ಲ, ಹೋಲಿಸೋಕೆ ಅದೇ ಸರಿ) ಸುಲಭಕ್ಕೆ ಗುರುತು ಸಿಗುವ ಐದಾರು ಶಾಟ್ ಆರಿಸಿ ಎರಡರಲ್ಲೂ ಸಮಯ ಬರೆದುಕೊಳ್ಳಿ. ಟೈಟಲ್‌ನ ಮೊದಲ ಫ್ರೇಮೇ ಸೊನ್ನೆ. ಯಾಕಂದ್ರೆ ಅದಕ್ಕೂ ಮುಂಚೆ ಬರುವ ಹಂಚಿಕೆದಾರರ ಲೋಗೋ ಒಂದೊಂದರಲ್ಲಿ ಒಂದೊಂದು ಉದ್ದ ಇರುತ್ತೆ. ವ್ಯತ್ಯಾಸ ನಿಮಿಷಕ್ಕೆ 2.4 ಸೆಕೆಂಡಿನಂತೆ ಒಂದೇ ಸಮ ಬೆಳೆದರೆ ಪಾಲ್ ವೇಗ ಅಷ್ಟೇ. ಎರಡು ಗುರುತಿನ ನಡುವೆ ದಿಢೀರ್ ಅಂತ ಹತ್ತಿಪ್ಪತ್ತು ಸೆಕೆಂಡ್ ಜಿಗಿದರೆ ಅಲ್ಲಿ ಕತ್ತರಿ, ಇಲ್ಲಾ ಹರಿದ ರೀಲನ್ನ ಅಂಟಿಸಿದ ಜಾಗ (ಸ್ಪ್ಲೈಸ್). ನಗೆ ಪತ್ತೇದಾರಿಯಲ್ಲಿ ಸುಳಿವನ್ನ ಎಷ್ಟೋ ಸಲ ಜೋಕಿನ ಮರೆಯಲ್ಲೇ ಇಟ್ಟಿರ್ತಾರೆ, ಜೋಕ್ ಹೋದರೆ ಕೊಲೆಗಾರನ ಜಾಡೂ ಹೋಯ್ತು.

ಪಾಲ್‌ನ ನಿಜವಾದ ತೊಂದರೆ ದನಿ. ಮುಕ್ಕಾಲು ಸೆಮಿಟೋನಿನ (ಅರ್ಧ ಸ್ವರದ) ಹತ್ತಿರ ಏರುತ್ತೆ. ಇನ್‌ಸ್ಪೆಕ್ಟರ್ ಕಾಕ್ರಿಲ್ ಆಗಿ ಕಥೆ ಹೇಳುವ ನಟ ಆಲಸ್ಟರ್ ಸಿಮ್ ದನಿ ಸಣ್ಣಗಾದರೆ ಅರ್ಧ ಮಜಾನೇ ಇಲ್ಲ. ಡಿಸ್ಕನ್ನ ಕಂಪ್ಯೂಟರಿಗೆ ನಕಲಿಸಿ (ರಿಪ್ ಮಾಡಿ) ವಿಡಿಯೊ 24ಕ್ಕೆ ಇಳಿಸಿ; 48000 ಹರ್ಟ್ಸ್ ಆಡಿಯೊವನ್ನ 46080 ಅಂತ ಓದಿಸಿ (ಆಗ ವೇಗ, ಸ್ವರ ಎರಡೂ ಇಳಿಯುತ್ತೆ), ಮತ್ತೆ 48000ಕ್ಕೆ ರೀಸ್ಯಾಂಪಲ್ ಮಾಡಿ. ವಿಡಿಯೊ ತಿದ್ದುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ 'ಎಟೆಂಪೊ' ಫಿಲ್ಟರ್ ಹಾಕಬೇಡಿ, ಅದು ವೇಗ ಇಳಿಸುತ್ತೆ, ಸ್ವರ ಇಳಿಸಲ್ಲ. ಡಿಸ್ಕ್ ಮಾಡಿದವರೇ ಸ್ವರ ತಿದ್ದಿದ್ದರೆ ಮಾತ್ರ ಅದು ಸರಿ, ಮೊದಲು ಟೈಟಲ್ ಸಂಗೀತ ಹೋಲಿಸಿ ಕೇಳಿ.

ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ಬಾಬ್ ಹೋಪ್‌ನ ನಗೆ ಪತ್ತೇದಾರಿ 'ಮೈ ಫೇವರಿಟ್ ಬ್ರೂನೆಟ್' (1947) ಅಗ್ಗಕ್ಕೆ ಸಿಕ್ತು ಅಂತ ಕುಣೀತಿದ್ದಾರೆ. ಹಕ್ಕು ನವೀಕರಿಸದೆ ಸಾರ್ವಜನಿಕ ಸ್ವತ್ತಾದ ಚಿತ್ರ ಅದು, ಯಾರು ಬೇಕಾದರೂ ಮಾರಬಹುದು. ಕಾಸಿಗೆ ತಕ್ಕ ಕಜ್ಜಾಯ. ಕತ್ತಲ ದೃಶ್ಯದಲ್ಲಿ ಕೋಟಿನ ಮಡಿಕೆ ಕಾಣದೆ ಬರೀ ಮಸಿ ಕಂಡರೆ ಸವೆದ ಪ್ರಿಂಟಿನ ನಕಲು. ಶುರುವಿನಲ್ಲಿ ಅಲನ್ ಲ್ಯಾಡ್, ಕೊನೆಗೆ ಬಿಂಗ್ ಕ್ರಾಸ್ಬಿ ಚಿಕ್ಕ ಪಾತ್ರದಲ್ಲಿ ಬರ್ತಾರಾ ನೋಡ್ಕೊಳ್ಳಿ, ಇಲ್ಲದಿದ್ದರೆ ಕತ್ತರಿ ಬಿದ್ದಿದೆ. ಬಣ್ಣ ಬಳಿದ ಪ್ರತಿಯಂತೂ ಪುಕ್ಕಟೆ ಕೊಟ್ಟರೂ ಬೇಡ.

ತರಿಸೋ ಮುಂಚೆ ರೀಜನ್, ಅಂದ್ರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತೆ ಅನ್ನೋ ಗುರುತು, ನೋಡಿ. ನಮ್ಮದು ಡಿವಿಡಿಗೆ 5, ಬ್ಲೂ-ರೇಗೆ ಸಿ. ಬ್ರಿಟನ್ 2 ಮತ್ತು ಬಿ, ಅಮೆರಿಕ 1 ಮತ್ತು ಎ. ಕಂಪ್ಯೂಟರ್ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಾಯಿಸೋಕೆ ಐದೇ ಅವಕಾಶ, ಐದನೆಯದು ಅಲ್ಲೇ ಗಟ್ಟಿ ಕೂರುತ್ತೆ. ಸುಮ್ಮನೆ ಕುತೂಹಲಕ್ಕೆ ಒತ್ತಬೇಡಿ.