500 ವ್ಯಾಟಿನ ಸಬ್‌ವೂಫರ್‌ಗೆ (ಬೇಸ್ ಧ್ವನಿಯ ಸ್ಪೀಕರ್) ಯಾವ ಆಂಪ್ಲಿಫೈಯರ್ ಹೊಂದುತ್ತದೆ? ಕಲಬುರಗಿಯಲ್ಲಿ ಕಾರಿಗೆ ಹಾಕಿಸಬೇಕು. ಸಬ್‌ವೂಫರ್‌ನಲ್ಲಿ ತಲಾ 4 ಓಮ್‌ನ ಎರಡು ಕಾಯಿಲ್‌ಗಳಿವೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ‘ಗರಿಷ್ಠ ವ್ಯಾಟ್’ ಗಿರಾಕಿಯನ್ನು ಸೆಳೆಯಲು ಬರೆದದ್ದು, ಅದನ್ನು ಬಿಟ್ಟುಬಿಡಿ. ನಿಮ್ಮ 500 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ತಾಳುವ ಶಕ್ತಿ, ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಮುಂದಿನದು ಓಮ್ (ವಿದ್ಯುತ್ ತಡೆ) ಲೆಕ್ಕ. ಎರಡೂ ಕಾಯಿಲ್‌ಗಳ ಪ್ಲಸ್‌ಗಳನ್ನು ಒಟ್ಟಿಗೆ, ಮೈನಸ್‌ಗಳನ್ನು ಒಟ್ಟಿಗೆ ಸೇರಿಸಿದರೆ 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ 8 ಓಮ್. ಎರಡನ್ನೂ ಬಳಸಿ 4 ಓಮ್ ಪಡೆಯಲು ದಾರಿಯೇ ಇಲ್ಲ. ಅಂಗಡಿಯವರು ಏನೇ ಹೇಳಲಿ. 8 ಓಮ್‌ನಲ್ಲಿ ಆಂಪ್ಲಿಫೈಯರ್ ಕೊಡುವ ಶಕ್ತಿ ಬಹಳ ಇಳಿಯುತ್ತದೆ. ಹಾಗಾಗಿ 2 ಓಮ್‌ಗೆ ಸುಮಾರು 500 ವ್ಯಾಟ್ ಆರ್‌ಎಂಎಸ್ ಕೊಡುವ ಮೊನೊ (ಒಂದೇ ಚಾನೆಲ್‌ನ) ಆಂಪ್ಲಿಫೈಯರನ್ನೇ ಕೊಳ್ಳಿ. 4 ಓಮ್‌ಗಿಂತ ಕಡಿಮೆ ತಾಳದ ಆಂಪ್ಲಿಫೈಯರ್‌ಗೆ ಈ 2 ಓಮ್ ಜೋಡಣೆಯನ್ನು ಹಚ್ಚಿದರೆ ಆಂಪ್ಲಿಫೈಯರ್ ಕಾದು ನಿಲ್ಲುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

ಬ್ಯಾಟರಿಯಿಂದ 4 ಗೇಜ್‌ನ ಅಪ್ಪಟ ತಾಮ್ರದ ವೈರ್ ಎಳೆಸಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ಬೇಡ. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗಿರಲಿ, ವೈರ್ ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಕಾರನ್ನು ಬೆಂಕಿಯಿಂದ ಉಳಿಸುವುದು ಆ ಫ್ಯೂಸೇ. ಅರ್ಥಿಂಗ್ ವೈರನ್ನು ಗಿಡ್ಡವಾಗಿಟ್ಟು, ಬಣ್ಣ ಕೆರೆದ ಬರಿಯ ಲೋಹಕ್ಕೆ ಬೋಲ್ಟ್ ಹಾಕಿಸಿ. ಸ್ಟೀರಿಯೊದಿಂದ ಧ್ವನಿ ಸಂಕೇತ ತರುವ ಆರ್‌ಸಿಎ ಕೇಬಲ್ ಬ್ಯಾಟರಿ ವೈರ್‌ನಿಂದ ದೂರ, ಕಾರಿನ ಇನ್ನೊಂದು ಬದಿಯಿಂದ ಬರಲಿ.

ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮೇಲೆ ಕಾರ್ಪೆಟ್ ಹೊದಿಸಬೇಡಿ, ಸುತ್ತ ಗಾಳಿಯಾಡಲು ಜಾಗ ಬಿಡಿ.