ಮಕ್ಕಳ ಗ್ರಾಮಸಭೆಗೆ ತಯಾರಿ

ಮದ್ದೂರಿನ ಮೇಷ್ಟ್ರೇ, ಊರಿನ ತೊಂದರೆಗಳನ್ನು ಮಕ್ಕಳೇ ಪಂಚಾಯಿತಿ ಮುಂದೆ ಹೇಳುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗರು ಬಾಯಿಯೇ ಬಿಡಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಭಾಷಣ ಬರೆದುಕೊಟ್ಟು ಉರು ಹೊಡೆಸಿದರೆ ಹಾಗೇ ಆಗೋದು.

ಸಭೆಗೆ ಎರಡು ವಾರ ಮುಂಚೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ ಊರು ಸುತ್ತಿಸಿ, ಕಂಡ ತೊಂದರೆ ಬರೆಸಿ. ‘ಲೈಟ್ ಇಲ್ಲ’ ಅಂತ ಬರೆದರೆ ಸಾಲದು. ಯಾವ ಬೀದಿ, ಕಂಬದ ನಂಬರ್ ಎಷ್ಟು, ಎಂದಿನಿಂದ ಉರಿಯುತ್ತಿಲ್ಲ, ಎಲ್ಲ ಬೇಕು.

ಆಮೇಲೆ ಬೋರ್ಡಿನ ಮೇಲೆ ‘ಇದು ಯಾರ ಕೆಲಸ?’ ಅಂತ ವಿಂಗಡಿಸಿ. ನಿಜವಾದ ಪೌರನೀತಿ ಪಾಠ ಇದೇ. ಬೀದಿದೀಪ, ಚರಂಡಿ ಪಂಚಾಯಿತಿಯದು. ಟ್ರಾನ್ಸ್‌ಫಾರ್ಮರ್ ಕರೆಂಟು ಕೊಡುವ ಕಂಪನಿ ಸೆಸ್ಕ್‌ನದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕಾವೇರಿ ನೀರಾವರಿ ನಿಗಮದ್ದು. ಎಲ್ಲವನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಲೆಗೆ ಕಟ್ಟಿದರೆ ‘ನಮಗೆ ಬರಲ್ಲ’ ಅನ್ನುತ್ತಾರೆ, ಹುಡುಗರು ಅಲ್ಲಿಗೇ ತಣ್ಣಗಾಗುತ್ತಾರೆ.

ಬೇಡಿಕೆ ಮೂರು ಸಾಕು, ಒಂದೊಂದಕ್ಕೂ ಬೇರೆ ಅರ್ಜಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಬಹುಪಾಲು ಶಾಲೆಗಳು ಎಡವುವುದು ಇಲ್ಲೇ: ಫೋಟೊ ತೆಗೆಸಿ, ಬಿಸ್ಕೆಟ್ ತಿಂದು ಬಂದುಬಿಡುತ್ತಾರೆ. ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರಿತೇ ಅಂತ ಹುಡುಗರೇ ಕೇಳಲಿ. ತಿಂಗಳಾದ ಮೇಲೆ ಅದೇ ಗುಂಪು ಪ್ರತಿ ಹಿಡಿದು ಪಂಚಾಯಿತಿ ಕಚೇರಿಗೆ ಹೋಗಲಿ, ಜೊತೆಗೆ ನೀವಿರಿ, ಮಾತು ಮಾತ್ರ ಅವರದಾಗಲಿ.